ಗುರುವಾರದವರು

ವೇಲ್ಸ್
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಸುಪ್ರಿತಾ,

ಒಂದು ವಾರದಿಂದ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದೇನೆ. ನೀನು ಎತ್ತುತ್ತಿಲ್ಲ. ನಿನ್ನ ಗಂಡ ಎತ್ತಿ, "ಅವಳು ಮಲಗಿದ್ದಾಳೆ ಅತ್ತೆ, ಎದ್ದ ಕೂಡಲೇ ಮಾಡ್ಲಿಕ್ಕೆ ಹೇಳ್ತೇನೆ" ಎನ್ನುತ್ತಾನೆ. ಪ್ರಖ್ಯಾತನಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ. ಹಾಗಾಗಿ ಕಾಗದ ಬರೆಯಲು ಕುಳಿತೆ. ಬರೆದು, ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಹಾಕುತ್ತೇನೆ. ಫೋನಿನಲ್ಲಾದರೆ ಎರಡನೆಯ ಮಾತಿಗೇ ನಮ್ಮಿಬ್ಬರ ಸ್ವರವೂ ಏರುತ್ತದೆ. ಕಾಗದದಲ್ಲಾದರೆ ಒಬ್ಬರು ಹೇಳಿ ಮುಗಿಸುವವರೆಗೆ ಇನ್ನೊಬ್ಬರು ಸುಮ್ಮನಿರಲೇಬೇಕಲ್ಲ.

ಊರು ಚಿಕ್ಕದು. ಸುಳ್ಯ ಪೇಟೆಯ ಕಾಲು ಭಾಗವೂ ಇಲ್ಲ. ಸುತ್ತಲೂ ಗುಡ್ಡ, ಗುಡ್ಡದ ಮೇಲೆಲ್ಲ ಒಡೆದ ಕಪ್ಪು ಕಲ್ಲಿನ ರಾಶಿ. ಹಿಂದೆ ಇಲ್ಲಿ ಕಲ್ಲಿನ ಕೋರೆ ಇತ್ತಂತೆ. ಈಗ ಮುಚ್ಚಿದೆ. ನಾವು ಕೆಲಸ ಮಾಡುವುದು ಹಳೆಯ ಚರ್ಚೊಂದರಲ್ಲಿ. ಬೆಂಚುಗಳನ್ನೆಲ್ಲ ತೆಗೆದು ಮರದ ನೆಲ ಹಾಕಿದ್ದಾರೆ. ನಡೆಸುವವಳು ಮೆಗನ್ ಎಂಬ ಹೆಂಗಸು, ನಿನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಬೇರೆ ಬೇರೆ ದೇಶಗಳಿಂದ ಐದು ಜನ ಬಂದಿದ್ದೇವೆ. ಉಳಿದ ನಾಲ್ವರೂ ನೃತ್ಯ ಕಲಿತವರು. ಅರುವತ್ತೊಂದು ವರ್ಷದ ರಿಟೈರ್ಡ್ ಟೀಚರ್ ನಾನೊಬ್ಬಳೇ.

ಮೊದಲನೆಯ ದಿನ ಎಲ್ಲರೂ ತಮ್ಮ ತಮ್ಮ ನೃತ್ಯ ಯಾವುದು ಎಂದು ಹೇಳಬೇಕಿತ್ತು. ನಾನು ನನಗೆ ಬಂದ ಇಂಗ್ಲಿಷಿನಲ್ಲಿ ನಿನ್ನ ಅಪ್ಪನ ಕಥೆ ಹೇಳಿದೆ. ಅವರಿಗೆ ಸ್ಟ್ರೋಕ್ ಆದ ಮೇಲೆ ಕೈ ಎತ್ತಿಸುವ ವ್ಯಾಯಾಮವನ್ನು ಹಾಡು ಹಾಕಿ ಮಾಡಿಸುತ್ತಿದ್ದದ್ದು, ಅವರಿಗೆ ಬೇಸರ ಬಾರದಿರಲೆಂದು ನಾನೂ ಎದುರು ನಿಂತು ಮಾಡುತ್ತಿದ್ದದ್ದು, ನೆರೆಯ ಶೀಲಾವತಿಗೂ ಹಾಗೆಯೇ ಆದಾಗ ಅವಳೂ ಬಂದು ಸೇರಿದ್ದು. ಅಪ್ಪ ಹೋದ ಮೇಲೂ ಗುಂಪು ಉಳಿಯಿತು. ಬೀಡಿ ಕಟ್ಟಿ ಬೆನ್ನು ಬಗ್ಗಿದ ರಮ್ಲತ್, ಕೈ ನಡುಗುವ ಆದಂ ಕುಂಞಿ, ಹೀಗೆ ಹನ್ನೊಂದು ಜನ, ಪ್ರತಿ ಗುರುವಾರ, ಅಜ್ಜಾವರದ ಹಾಲಿನ ಸೊಸೈಟಿಯ ಮಾಳಿಗೆಯಲ್ಲಿ. ಇದಕ್ಕೆ ಏನು ಹೆಸರು ಎಂದು ನನಗೆ ಗೊತ್ತಿಲ್ಲ ಎಂದೆ. "ಇದಕ್ಕೇ ನಾವು ಸಮುದಾಯ ನೃತ್ಯ ಎನ್ನುವುದು, ಅದಕ್ಕೇ ನಿಮ್ಮನ್ನು ಕರೆದದ್ದು" ಎಂದಳು ಮೆಗನ್.

ಊಟ ಸರಿಯಾಗಿ ಮಾಡು. ಉತ್ತರ ಬರೆಯದಿದ್ದರೂ ಅಡ್ಡಿಯಿಲ್ಲ, ಓದಿದೆಯೆಂದು ಎರಡು ನೀಲಿ ಗೆರೆ ಕಂಡರೆ ಸಾಕು.

ನಿನ್ನ ಅಮ್ಮ,
ಪಂಕಜಾಕ್ಷಿ


ಪುತ್ತೂರು, ಬೊಳುವಾರು
೨೮ ಸೆಪ್ಟೆಂಬರ್

ಅಮ್ಮ,

ನಾನೂ ಕೈಯಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಟೈಪ್ ಮಾಡಿದರೆ ಅಳಿಸಿ ಅಳಿಸಿ ಕೊನೆಗೆ ಏನೂ ಉಳಿಯುವುದಿಲ್ಲ.

ನನ್ನ ಆರೋಗ್ಯ ಪರವಾಗಿಲ್ಲ. ಕಾಲು ಸ್ವಲ್ಪ ಊದುತ್ತಿದೆ. ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ಅಕ್ಟೋಬರ್ ಕೊನೆಯವರೆಗೆ ಕಾಲೇಜಿಗೆ ಹೋಗುತ್ತೇನೆ, ಮತ್ತೆ ರಜೆ. ಹೆರಿಗೆಯ ಡೇಟ್ ಡಿಸೆಂಬರ್ ಇಪ್ಪತ್ತನಾಲ್ಕೇ.

ನನಗೆ ಕೋಪವಿಲ್ಲ ಎಂದು ಬರೆಯಲಾರೆ. ನೀನು ಅರ್ಜಿ ಹಾಕಿದ್ದು ನನಗೆ ಗೊತ್ತಿರಲಿಲ್ಲ. ಆಯ್ಕೆಯಾದದ್ದು ಗೊತ್ತಿರಲಿಲ್ಲ. ಟಿಕೆಟ್ ಆದ ಮೇಲೆ ಬಂದು, "ನವೆಂಬರ್ ಕೊನೆಗೆ ಬರ್ತೇನೆ, ಬಾಣಂತನಕ್ಕೆ ಸರಿಯಾಗ್ತದೆ" ಎಂದೆ. ಸರಿಯಾಗುತ್ತದೆಯೋ ಇಲ್ಲವೋ ಎಂದು ನನ್ನಲ್ಲಿ ಕೇಳಲಿಲ್ಲ. ಸೀಮಂತ ಅಕ್ಟೋಬರ್ ಹದಿನೇಳಕ್ಕೆ. ತಾಯಿ ಮನೆಯ ಪರವಾಗಿ ದೊಡ್ಡಮ್ಮ ಮಾಡುತ್ತಾರೆ. ಪ್ರಖ್ಯಾತನ ಕಡೆಯವರು ಈಗಲೇ ಕೇಳಲು ಶುರು ಮಾಡಿದ್ದಾರೆ: "ನಿನ್ನ ಅಮ್ಮ ಎಂತ, ಡ್ಯಾನ್ಸ್ ಮಾಡ್ಲಿಕ್ಕೆ ಫಾರಿನ್ನಿಗೆ ಹೋದದ್ದಾ?" ನಾನು ಟ್ರೈನಿಂಗ್ ಎನ್ನುತ್ತೇನೆ.

ಇದೆಲ್ಲ ದೊಡ್ಡ ವಿಷಯವಲ್ಲ. ನನಗೆ ನೆನಪಾಗುವುದು ಎರಡು ವರ್ಷದ ಹಿಂದಿನ ಆ ಗುರುವಾರ. ನನಗೆ ಆರನೆಯ ತಿಂಗಳು, ಪ್ರಖ್ಯಾತ ಊರಲ್ಲಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯಿಂದ ನಿನಗೆ ಫೋನ್ ಮಾಡಿದೆ. ಹನ್ನೊಂದು ಸಲ ಮಾಡಿದೆ. ನೀನು ಗುಂಪು ಮುಗಿಸಿ ಬರುವಾಗ ಎಲ್ಲ ಮುಗಿದಿತ್ತು. ಫೋನ್ ಬ್ಯಾಗಿನಲ್ಲಿತ್ತು ಎಂದೆ. ನಾನು ಸರಿ ಎಂದೆ. ಆಮೇಲೆ ಆ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ.

ಈ ಸಲವೂ ನೀನು ಗುಂಪಿಗೇ ಹೋದೆ. ಇಷ್ಟು ದೂರದ ಗುಂಪಿಗೆ.

ಸುಪ್ರಿತಾ


ವೇಲ್ಸ್
೫ ಅಕ್ಟೋಬರ್

ಸುಪ್ರಿ,

ನಿನ್ನ ಕಾಗದವನ್ನು ಇಲ್ಲಿಯ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಏಳು ದಿನ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಫೋನ್ ಬ್ಯಾಗಿನಲ್ಲಿ ಇರಲಿಲ್ಲ. ಕಿಟಕಿಯ ದಂಡೆಯ ಮೇಲಿತ್ತು. ಶೀಲಾವತಿ ಅಂದು ಮೊದಲ ಸಲ ಎಡಗೈಯನ್ನು ಭುಜದವರೆಗೆ ಎತ್ತಿದ್ದಳು. ಎಲ್ಲರೂ ಉಸಿರು ಬಿಗಿ ಹಿಡಿದು ನೋಡುತ್ತಿದ್ದೆವು. ಆಗ ಫೋನ್ ಬಂತು. ನಿನ್ನ ಹೆಸರು ನೋಡಿದೆ. ಇನ್ನು ಹತ್ತು ನಿಮಿಷದಲ್ಲಿ ಮುಗಿಯುತ್ತದಲ್ಲ, ಆಮೇಲೆ ಮಾಡುವ ಎಂದು ಕಟ್ ಮಾಡಿದೆ. ಸೈಲೆಂಟಿಗೆ ಹಾಕಿದೆ. ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ಉಳಿದ ಹತ್ತು ಕಾಲ್ ನಾನು ನೋಡಿದ್ದು ಆಮೇಲೆ. ಆದರೆ ಮೊದಲನೆಯದನ್ನು ನೋಡಿದ್ದೆ.

ಆಸ್ಪತ್ರೆಯಲ್ಲಿ ನಿನ್ನ ಮುಖ ನೋಡಿದಾಗ ಬಾಯಿಗೆ ಬಂದದ್ದು ಬ್ಯಾಗಿನ ಸುಳ್ಳು. ಒಂದು ಸಲ ಹೇಳಿದ ಮೇಲೆ ಅದನ್ನು ಹಿಂದೆ ತೆಗೆಯಲು ನನ್ನಿಂದ ಆಗಲಿಲ್ಲ. ನಾನು ಬೇಗ ಬಂದಿದ್ದರೂ ಮಗು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದು ನಿಜವೇ ಇರಬಹುದು. ಆದರೆ ನೀನು ಒಬ್ಬಳೇ ಇರುತ್ತಿರಲಿಲ್ಲ. ನನ್ನದು ತಪ್ಪಾಯಿತು ಮಗಳೇ.

ಈ ಸಲ ಕೇಳದೆ ಬಂದದ್ದೂ ತಪ್ಪೇ. ಕೇಳಿದರೆ ನೀನು ಬೇಡ ಎನ್ನುತ್ತೀ, ನಾನು ಉಳಿಯುತ್ತೇನೆ, ಆಮೇಲೆ ಬದುಕಿಡೀ ನಿನ್ನ ಮೇಲೆ ಒಳಗೊಳಗೇ ಒಂದು ಸಿಟ್ಟು ಇಟ್ಟುಕೊಳ್ಳುತ್ತೇನೆ ಎಂದು ಹೆದರಿದೆ. ಅಪ್ಪನನ್ನು ನೋಡಿಕೊಂಡ ಮೂರು ವರ್ಷ ಯಾರೂ ನನ್ನನ್ನು ನಿನಗೆ ಏನು ಬೇಕು ಎಂದು ಕೇಳಲಿಲ್ಲ. ಇಲ್ಲಿಗೆ ಅರ್ಜಿ ಹಾಕುವ ಫಾರ್ಮಿನಲ್ಲಿ ಆ ಪ್ರಶ್ನೆ ಇತ್ತು.

ಮೆಗನ್‌ಳಲ್ಲಿ ಎಲ್ಲ ಹೇಳಿದ್ದೇನೆ. ಟಿಕೆಟ್ ಯಾವಾಗ ಬೇಕಾದರೂ ಬದಲಾಯಿಸಬಹುದಂತೆ. ನೀನು ಬಾ ಎಂದರೆ ನಾಳೆಯೇ ಹೊರಡುತ್ತೇನೆ. ಬೇಡ ಎಂದರೆ ಇರುತ್ತೇನೆ. ಎರಡಕ್ಕೂ ನನ್ನ ಮನಸ್ಸಿನಲ್ಲಿ ತಕರಾರಿಲ್ಲ.

ಅಮ್ಮ


ಪುತ್ತೂರು
೧೯ ಅಕ್ಟೋಬರ್

ಅಮ್ಮ,

ಮೊದಲನೆಯ ಕಾಲ್ ನೀನು ಕಟ್ ಮಾಡಿದ್ದು ನನಗೆ ಆಗಲೇ ಗೊತ್ತಿತ್ತು. ಪೂರ್ತಿ ರಿಂಗ್ ಆಗಿ ನಿಲ್ಲುವುದು ಬೇರೆ, ನಡುವೆ ಕಟ್ ಆಗುವುದು ಬೇರೆ. ಎರಡು ವರ್ಷ ನಾನು ಕಾದದ್ದು ನೀನು ಹೇಳುತ್ತೀಯೋ ಎಂದು. ಹೇಳಿದೆಯಲ್ಲ. ಓದಿ ಅತ್ತೆ. ಅತ್ತ ಮೇಲೆ ಹಸಿವಾಯಿತು, ಮೂರು ದೋಸೆ ತಿಂದೆ. ಸದ್ಯಕ್ಕೆ ಆ ಬಗ್ಗೆ ಇಷ್ಟೇ.

ಸೀಮಂತದ ವಿಷಯ ಬರೆಯುತ್ತೇನೆ, ಯಾಕೆಂದರೆ ನಿನಗೆ ಬೇರೆಯವರು ಬೇರೆ ಥರ ಹೇಳಬಹುದು.

ಹತ್ತು ಗಂಟೆಗೆ ನನ್ನನ್ನು ಮಣೆಯ ಮೇಲೆ ಕೂರಿಸಿದ್ದರು. ಆಗ ನಿನ್ನ ಗುರುವಾರದವರು ಬಂದರು. ಯಾರು ಹೇಳಿದ್ದೋ, ನೀನೇ ಇರಬೇಕು. ಸುಳ್ಯದಿಂದ ಬೆಳಿಗ್ಗೆಯ ಬಸ್ಸು ಹಿಡಿದು ಆರು ಜನ. ರಮ್ಲತ್ ಟಿಫಿನ್ ಕ್ಯಾರಿಯರ್ ತುಂಬ ಏನೋ ಸಿಹಿ ತಂದಿದ್ದರು. ಆದಂ ಕುಂಞಿಯವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಚಾವಡಿಯಲ್ಲಿ ಕುಳಿತರು. ಶೀಲಾವತಿಯಕ್ಕನ ಕೈಯಲ್ಲಿ ಒಂದು ಚೆಂಡು ಮಲ್ಲಿಗೆ.

ದೊಡ್ಡಮ್ಮ, "ಮುತ್ತೈದೆಯರೆಲ್ಲ ಒಬ್ಬೊಬ್ಬರೇ ಬಂದು ಹೂ ಮುಡಿಸಿ" ಎಂದರು. ಎಲ್ಲರೂ ಬಂದರು. ಶೀಲಾವತಿಯಕ್ಕ ತಂದ ಮಲ್ಲಿಗೆಯನ್ನು ಯಾರದೋ ಕೈಗೆ ಕೊಟ್ಟು, ತಾವೇ ಹಿಂದೆ ಸರಿದು ಅಡುಗೆಮನೆಯ ಬಾಗಿಲ ಬದಿಯಲ್ಲಿ ನಿಂತರು. ಯಾರೂ ಹೇಳಲಿಲ್ಲ. ಅವರ ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತಲ್ಲ, ಅವರಿಗೇ ಅಭ್ಯಾಸವಾಗಿದೆ.

ಆಗ ನನಗೆ ಹೊಳೆಯಿತು. ನೀನು ಇದ್ದಿದ್ದರೂ ಅಲ್ಲೇ ನಿಲ್ಲುತ್ತಿದ್ದೆ. ಅಮ್ಮ ಸೀಮಂತಕ್ಕಿಲ್ಲ ಎಂದು ಒಂದು ತಿಂಗಳು ಸಿಟ್ಟು ಮಾಡಿದೆ, ನೀನು ಇದ್ದಿದ್ದರೆ ಎಲ್ಲಿರುತ್ತಿದ್ದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಶೀಲಕ್ಕ, ನೀವು ಬನ್ನಿ" ಎಂದು ಕರೆದೆ.

ದೊಡ್ಡಮ್ಮ ಬಗ್ಗಿ ನನ್ನ ಕಿವಿಯಲ್ಲಿ, "ಎಂತ ಸುಪ್ರಿ, ಕ್ರಮ ಅಂತ ಒಂದು ಉಂಟಲ್ಲ ಮಾರಾಯ್ತಿ" ಎಂದರು.

"ಉಂಟು ದೊಡ್ಡಮ್ಮ. ಅಮ್ಮ ಬಂದಿದ್ರೆ ಅವರನ್ನು ಎಲ್ಲಿ ನಿಲ್ಲಿಸ್ತಿದ್ರಿ?"

ಜೋರಾಗಿಯೇ ಕೇಳಿದೆನೇನೋ. ಎಲ್ಲರೂ ನಮ್ಮ ಕಡೆ ತಿರುಗಿದರು. ಆಮೇಲೆ ಮಾತಾಡಿದ್ದು ಯಾರು ಗೊತ್ತುಂಟಾ, ನನ್ನ ಅತ್ತೆ. "ಬನ್ನಿ ಶೀಲಾವತಿಯವ್ರೇ, ಹೂ ಮುಡಿಸಿ. ಹುಡುಗಿಗೆ ಎಷ್ಟು ಹೊತ್ತು ಕೂತ್ಕೊಳ್ಲಿಕ್ಕೆ ಆಗ್ತದೆ?" ಎಂದರು. ಸಿಟ್ಟೂ ಇಲ್ಲ, ದೊಡ್ಡ ಉದಾರತೆಯೂ ಇಲ್ಲ, ಅಕ್ಕಿ ತೊಳೆಯಲು ಹೇಳಿದ ಹಾಗೆ.

ಶೀಲಾವತಿಯಕ್ಕ ಎರಡೂ ಕೈಯಲ್ಲಿ ಮುಡಿಸಿದರು. ಎಡಗೈ ನಿಧಾನವಾಗಿ ಮೇಲೆ ಬಂತು, ನಡುವೆ ನಿಂತಿತು, ಮತ್ತೆ ಬಂತು. ಹೂ ಜಡೆಗೆ ಸಿಕ್ಕಿಸಲು ಮೂರು ನಾಲ್ಕು ನಿಮಿಷ ಹಿಡಿದಿರಬಹುದು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅವರ ಉಸಿರು ಕೇಳುತ್ತಿತ್ತು. ಈ ಕೈ ಮೊದಲ ಸಲ ಮೇಲೆದ್ದ ದಿನವೇ ಅಲ್ಲವೇ ನೀನು ನನ್ನ ಕಾಲ್ ಕಟ್ ಮಾಡಿದ್ದು. ಆ ಕೈಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಆಮೇಲೆ ರಮ್ಲತ್ ಬಂದು ನನ್ನ ಎರಡೂ ಕೆನ್ನೆ ಹಿಡಿದು, "ಟೀಚರ್ ಮಗಳು ಅಂದ್ರೆ ನಮ್ಮದೇ ಮಗಳು" ಎಂದರು. ಪ್ರಖ್ಯಾತನ ಚಿಕ್ಕಮ್ಮ ಮೂತಿ ತಿರುಗಿಸಿದ್ದು ನೋಡಿದೆ. ನೋಡಿ ಬಿಟ್ಟೆ.

ನೀನು ಕೇಳಿದ್ದಕ್ಕೆ ಉತ್ತರ: ಬರುವುದು ಬೇಡ, ಇರು. ಡಿಸೆಂಬರಿಗೆ ಇನ್ನೂ ದಿನ ಉಂಟು.

ಸುಪ್ರಿ


ವೇಲ್ಸ್
೨ ನವೆಂಬರ್

ಪ್ರೀತಿಯ ಸುಪ್ರಿ,

ಅಡುಗೆಮನೆಯ ಬಾಗಿಲಿನ ವಿಷಯ ನೀನು ಬರೆದೆ. ನಾನು ಇಲ್ಲಿಗೆ ಬಂದದ್ದು ಅದಕ್ಕಾಗಿ ಅಲ್ಲ. ಆದರೆ ದಿನ ಲೆಕ್ಕ ಹಾಕಿ ನೋಡುವಾಗ ಅದು ಮನಸ್ಸಿಗೆ ಬಂದೇ ಇರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ನಿನ್ನ ಸೀಮಂತದಲ್ಲಿ ಮರೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು ನನಗೆ ಬೇಡವಾಗಿತ್ತು. ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು. ಅವರನ್ನು ನಾನು ಸರಿಯಾಗಿ ತಿಳಿದುಕೊಂಡಿರಲಿಲ್ಲ.

ಇಲ್ಲಿಯ ಒಂದು ವಿಷಯ ಹೇಳುತ್ತೇನೆ. ಊರಿನ ಹಿರಿಯರ ಜೊತೆ ನಾನು ನಡೆಸುವ ಮಂಗಳವಾರದ ಗುಂಪಿನಲ್ಲಿ ಎಮ್ರಿಸ್ ಎಂಬ ಮುದುಕರಿದ್ದಾರೆ. ಎಂಬತ್ತೆರಡು ವರ್ಷ, ಕೋರೆಯಲ್ಲಿ ಕೆಲಸ ಮಾಡಿದವರು, ಎದೆ ತುಂಬ ಕಲ್ಲಿನ ಧೂಳು. ಅಜ್ಜಾವರದಲ್ಲಿ ಮಾಡುವ ಹಾಗೆಯೇ ನಾನು ಇಲ್ಲಿಯೂ ಶುರು ಮಾಡುವುದು: "ಇವತ್ತು ಬೆಳಿಗ್ಗೆ ಮಾಡಿದ ಒಂದು ಕೆಲಸ ಕೈಯಲ್ಲಿ ತೋರಿಸಿ." ಒಬ್ಬರು ತೋರಿಸಿದ್ದನ್ನು ಉಳಿದವರೆಲ್ಲ ಮಾಡುವುದು. ಎಮ್ರಿಸ್ ನಾಲ್ಕು ವಾರ ಕುರ್ಚಿ ಬಿಟ್ಟು ಏಳಲಿಲ್ಲ. "ನಾನು ಬೆಳಿಗ್ಗೆ ಏನೂ ಮಾಡಿಲ್ಲ. ಹನ್ನೆರಡು ವರ್ಷದಿಂದ ಏನೂ ಮಾಡಿಲ್ಲ" ಎನ್ನುವರು.

ಹೋದ ಮಂಗಳವಾರ ನಾನು ರಮ್ಲತ್ ಬೀಡಿ ಕಟ್ಟುವುದನ್ನು ಮಾಡಿ ತೋರಿಸಿದೆ. ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕುವುದು, ಸುತ್ತುವುದು, ತುದಿ ಮಡಚುವುದು, ನೂಲು ಕಟ್ಟುವುದು. ಎಮ್ರಿಸ್ ನನ್ನ ಬೆರಳನ್ನೇ ನೋಡುತ್ತಿದ್ದರು. "ದಿನಕ್ಕೆ ಎಷ್ಟು?" ಎಂದು ಕೇಳಿದರು. ಎಂಟುನೂರು ಎಂದೆ. ಅವರು ಎದ್ದು ಬಂದು, ಕಾಲ ಮೇಲೆ ಕಲ್ಲು ಇಟ್ಟುಕೊಂಡ ಹಾಗೆ ಕುಳಿತು, ಉಳಿ ಹಿಡಿದು ಸೀಳುವುದನ್ನು ತೋರಿಸಿದರು. ಹಲಗೆಯ ಹಾಗೆ ತೆಳ್ಳಗೆ ಬರುವ ಕಲ್ಲು ಅದು. ಕೈ ಏನೂ ಮರೆತಿರಲಿಲ್ಲ. ಎಲ್ಲರೂ ಮಾಡಿದೆವು, ಒಂದು ಚರ್ಚು ತುಂಬ ಜನ, ಕೈಯಲ್ಲಿ ಇಲ್ಲದ ಕಲ್ಲನ್ನು ಸೀಳಿದೆವು.

ಇಪ್ಪತ್ತೆರಡಕ್ಕೆ ಊರವರ ಎದುರು ಪ್ರದರ್ಶನ. ನಾನೇ ನಡೆಸಬೇಕಂತೆ. ಬೀಡಿಯೂ ಕಲ್ಲೂ ಎರಡೂ ಇರುತ್ತವೆ. ಹೆದರಿಕೆಯಾಗುತ್ತದೆ, ಖುಷಿಯೂ ಆಗುತ್ತದೆ.

ಕಾಲಿನ ಊತ ಹೇಗಿದೆ? ಬಿಪಿ ನೋಡಿದರಾ? ಬರೆ.

ಅಮ್ಮ


ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ
೧೧ ನವೆಂಬರ್, ಮಧ್ಯಾಹ್ನ

ಸುಪ್ರಿ,

ನೀನು ಎಚ್ಚರವಾದ ಮೇಲೆ ಪ್ರಖ್ಯಾತ ಇದನ್ನು ಓದಿ ಹೇಳಲಿ.

ಅವನ ಫೋನ್ ಬರುವಾಗ ನಾನು ಮಂಗಳವಾರದ ಗುಂಪಿನ ನಡುವೆ ನಿಂತಿದ್ದೆ. ನಡುವಿನಲ್ಲೇ ಎತ್ತಿದೆ. ಬಿಪಿ ಏರಿತು, ತಡ ಮಾಡದೆ ಆಪರೇಷನ್ ಮಾಡಿದರು, ಹೆಣ್ಣು ಮಗು, ಎರಡು ಕಿಲೋಗೆ ನೂರು ಗ್ರಾಂ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಜೋರಾಗಿ ಅತ್ತಿತಂತೆ, ನೀನು ಚೆನ್ನಾಗಿದ್ದೀ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ, ಬರೆದರೆ ನಿಜ ಅನ್ನಿಸುತ್ತದೆ.

"ಪ್ರದರ್ಶನ ಮುಗಿಸಿಯೇ ಬನ್ನಿ ಅತ್ತೆ, ಎಂತ ತೊಂದರೆ ಇಲ್ಲ" ಎಂದ ಪ್ರಖ್ಯಾತ. ನಾನು ಚಪ್ಪಲಿ ಹಾಕುತ್ತಿದ್ದೆ. ಮೆಗನ್ ಕಾರು ತಂದಳು. ಉಳಿದವರೆಲ್ಲ ಬಾಗಿಲವರೆಗೆ ಬಂದರು. ಎಮ್ರಿಸ್ ಇಂಗ್ಲಿಷ್ ಮರೆತು ಅವರ ಭಾಷೆಯಲ್ಲೇ ಏನೋ ಹೇಳಿದರು.

ನಾಳೆ ಸಂಜೆಯ ಒಳಗೆ ನಿನ್ನ ಹತ್ತಿರ ಇರುತ್ತೇನೆ.

ಅಮ್ಮ


ಅಜ್ಜಾವರ
೨೦ ಫೆಬ್ರವರಿ ೨೦೨೬, ಶುಕ್ರವಾರ

ಪ್ರೀತಿಯ ಅಮ್ಮ,

ನೀನು ಮತ್ತೆ ವೇಲ್ಸಿಗೆ ಹೋಗಿ ಒಂದು ವಾರವಾಯಿತು. ದಿನಾ ವಿಡಿಯೋದಲ್ಲಿ ಮಾತಾಡುತ್ತೇವೆ, ಆದರೂ ಈ ಒಂದು ವಿಷಯ ಫೋನಿನಲ್ಲಿ ಹೇಳಲು ಆಗಲಿಲ್ಲ. ಕಾಗದವೇ ಬೇಕಾಯಿತು.

ಮೊದಲು ಮಗು. ಅನಘಾ ಈಗ ನಾಲ್ಕೂಕಾಲು ಕಿಲೋ. ನೀನು ಕಲಿಸಿದ ಹಾಗೆ ಕಾಲ ಮೇಲೆ ಮಲಗಿಸಿ ಸ್ನಾನ ಮಾಡಿಸುತ್ತೇನೆ. ಅತ್ತೆ ಪುತ್ತೂರಿನಿಂದ ಬಂದು ಇಲ್ಲೇ ಇದ್ದಾರೆ. ನಾನು ತಪ್ಪು ಮಾಡಿದರೆ ಹೇಳಲೆಂದು ಬಚ್ಚಲಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂರುತ್ತಾರೆ. ವೀಸಾ ಮಾರ್ಚ್ ಮೊದಲ ವಾರದವರೆಗೆ ಉಂಟಲ್ಲ, ಉಳಿದ ಎರಡು ವಾರ ಮಾಡಿ ಬಾ ಎಂದು ನಾನು ನಿನ್ನನ್ನು ದೂಡಿ ಕಳಿಸಿದಾಗ, "ಹೋಗ್ಲಿ, ಪ್ರದರ್ಶನಕ್ಕೆ ವಾಪಸ್ ಬರ್ತೇನೆ ಅಂತ ಅವ್ರು ಆ ಕಲ್ಲಿನ ಕೋರೆಯ ಮುದುಕನಿಗೆ ಮಾತು ಕೊಟ್ಟಿದ್ದಾರೆ" ಎಂದವರೂ ಅವರೇ.

ನಿನ್ನೆ ಗುರುವಾರ. ಬಾಗಿಲು ತೆಗೆದು, ಫ್ಯಾನ್ ಹಾಕಿ, ಹಾಡು ಹಚ್ಚಿ ಕೊಟ್ಟು ಬರುವ ಎಂದು ಸೊಸೈಟಿಯ ಮಾಳಿಗೆಗೆ ಹೋದೆ. ಮಗು ಅತ್ತೆಯ ಹತ್ತಿರ ಮಲಗಿತ್ತು. ಎಲ್ಲರೂ ಬಂದು ದುಂಡಗೆ ನಿಂತರು, ಯಾರೂ ಶುರು ಮಾಡಲಿಲ್ಲ. "ಟೀಚರ್ ಇಲ್ಲದಿದ್ರೆ ನೀವೇ ಹೇಳ್ಬೇಕು" ಎಂದರು ಶೀಲಾವತಿಯಕ್ಕ. ನನಗೆ ಬರುವುದಿಲ್ಲ ಎಂದೆ. "ನಮಗೆ ಮಾತ್ರ ಬರ್ತಿತ್ತಾ?" ಎಂದರು ರಮ್ಲತ್.

ಹಾಗೆ ನಿಂತೆ. ಬೆಳಿಗ್ಗೆಯ ಕೆಲಸ ತೋರಿಸಿ ಎಂದೆ. ರಮ್ಲತ್ ಪತ್ತಿರಿ ರೊಟ್ಟಿಗೆ ಅಕ್ಕಿ ಹಿಟ್ಟು ನಾದಿದರು. ಶೀಲಾವತಿಯಕ್ಕ ದನದ ಕೆಚ್ಚಲು ತೊಳೆದರು. ಆದಂ ಕುಂಞಿಯವರು ಶರ್ಟಿನ ಗುಂಡಿ ಹಾಕುವುದನ್ನು ತೋರಿಸಿದರು. ಗುಂಡಿ ಸಿಕ್ಕುತ್ತದೆ, ಜಾರುತ್ತದೆ, ಮತ್ತೆ ಸಿಕ್ಕುತ್ತದೆ. ಹನ್ನೆರಡು ಜನರೂ ನಡುಗುವ ಕೈಯಲ್ಲಿ ಗುಂಡಿ ಹಾಕಿದೆವು. ಅವರೇ ಮೊದಲು ನಕ್ಕರು.

ನನ್ನ ಸರದಿ ಬಂತು. ನನಗೆ ತೋಚಿದ್ದು ಸ್ನಾನ ಮಾಡಿಸುವುದು. ಕಾಲು ಚಾಚಿ ಕುಳಿತು, ಮಗುವನ್ನು ಮಲಗಿಸಿ, ಎಣ್ಣೆ ಹಚ್ಚಿ, ನೀರು ಹೊಯ್ದು, ಕತ್ತಿನ ಹಿಂದೆ ಕೈ ಕೊಟ್ಟು ಎತ್ತಿ ಹಿಡಿದೆ. ಎಲ್ಲರೂ ಹಾಗೇ ಮಾಡಿದರು. ತಲೆ ಎತ್ತಿ ನೋಡಿದರೆ ಹನ್ನೊಂದು ಜನ ಸುತ್ತ ಕುಳಿತು, ಹನ್ನೊಂದು ಮಗುವನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದರು. ಯಾರೂ ಕೆಳಗಿಡಲಿಲ್ಲ. ನಾನು ಇಡಲೆಂದು ಕಾಯುತ್ತಿದ್ದರು.

ನನಗೆ ಇಡಲು ಆಗಲಿಲ್ಲ ಅಮ್ಮ. ಮೊದಲನೆಯ ಮಗುವನ್ನು ನನಗೆ ತೋರಿಸಿರಲಿಲ್ಲ. ನೋಡಬಾರದು, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಯಾರೋ ಹೇಳಿದರು, ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ನನ್ನ ಕೈಗೆ ಒಂದು ನಿಮಿಷವೂ ಕೊಟ್ಟಿರಲಿಲ್ಲ. ಅದನ್ನು ನಾನು ನಿನಗೂ ಹೇಳಿಲ್ಲ, ಪ್ರಖ್ಯಾತನಿಗೂ ಹೇಳಿಲ್ಲ. ನಿನ್ನೆ ನಾನು ಹಿಡಿದುಕೊಂಡಿದ್ದದ್ದು ಅನಘಾಳನ್ನಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ನನಗೆ ತಿಳಿಯಿತು.

ಎಷ್ಟು ಹೊತ್ತಾಯಿತೋ. ಹಾಡು ಮುಗಿದು ಫ್ಯಾನಿನ ಶಬ್ದ ಮಾತ್ರ ಇತ್ತು. ಶೀಲಾವತಿಯಕ್ಕನ ಎಡಗೈ ಸೋತು ಇಳಿಯುತ್ತಿತ್ತು. ಪಕ್ಕದಲ್ಲಿದ್ದ ರಮ್ಲತ್ ತಮ್ಮ ಮಂಡಿಯನ್ನು ಅದರ ಅಡಿಗೆ ಕೊಟ್ಟರು. ಕೊನೆಗೆ ನಾನು ಒಂದು ಮುತ್ತು ಕೊಟ್ಟು, ನಿಧಾನವಾಗಿ ಚಾಪೆಯ ಮೇಲೆ ಮಲಗಿಸಿದೆ. ಹನ್ನೊಂದು ಜನರೂ ಮುತ್ತು ಕೊಟ್ಟು ಮಲಗಿಸಿದರು.

ಮನೆಗೆ ಬರುವಾಗ ಅನಘಾ ಎಚ್ಚರವಾಗಿ ರಂಪ ಮಾಡುತ್ತಿದ್ದಳು. "ಎಲ್ಲಿ ಹೋದದ್ದು ಇಷ್ಟು ಹೊತ್ತು?" ಎಂದರು ಅತ್ತೆ. ಡ್ಯಾನ್ಸಿಗೆ ಹೋಗಿದ್ದೆ ಎಂದೆ. ಹೇಳುವಾಗ ನನಗೆ ನಾಚಿಕೆಯಾಗಲಿಲ್ಲ.

ನಿನಗಾಗಿ ಮುಂದೂಡಿದ್ದ ನಿಮ್ಮ ಪ್ರದರ್ಶನ ನಾಳೆ. ಇಲ್ಲಿ ರಾತ್ರಿಯಾಗುವ ಮೊದಲೇ ಶುರುವಾಗುತ್ತದಲ್ಲ, ಪ್ರಖ್ಯಾತ ಟೀವಿಗೆ ಜೋಡಿಸಿ ಕೊಡುತ್ತಾನಂತೆ. ಗುರುವಾರದವರೆಲ್ಲ ಇಲ್ಲಿಗೇ ಬರುತ್ತಾರೆ. ಅತ್ತೆ ನೀರುದೋಸೆಗೆ ಅಕ್ಕಿ ನೆನೆಹಾಕಿದ್ದಾರೆ, ಹದಿನೈದು ಜನಕ್ಕೆ ಸಾಕೋ ಎಂದು ಆಗಿನಿಂದ ಎರಡು ಸಲ ಕೇಳಿದರು. ಮಗು ಎದ್ದಿತು, ನಿಲ್ಲಿಸುತ್ತೇನೆ.

ನಿನ್ನ ಮಗಳು,
ಸುಪ್ರಿ